ಮೇಷ್ಟ್ರೇ, ಒಂದು ಮಾತು: ಥರ್ಮಾಕೋಲ್ ಕಣ್ಣಿಗೆ ಐದೇ ಅಂಕ

ಅರ್ಧವಾರ್ಷಿಕ ಪರೀಕ್ಷೆ ಮುಗಿದು, ದಸರಾ ರಜೆಯೂ ಕಳೆದು, ಈಗ ಶಾಲೆಗಳಲ್ಲಿ ಪೋಷಕರ ಸಭೆ ನಡೆಯುತ್ತಿದೆ. ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಅಂಕದ ಜಗಳದವೇ. ಅದರಲ್ಲಿ ನಾಲ್ಕನ್ನು ತೆಗೆದುಕೊಂಡಿದ್ದೇನೆ. ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಹಾಸನ ಜಿಲ್ಲೆಯ ನಾಲ್ಕು ಹೈಸ್ಕೂಲುಗಳಲ್ಲಿ ಮೂವತ್ತಮೂರು ವರ್ಷ ಗಣಿತ ಹೇಳಿಕೊಟ್ಟವನು ನಾನು. ಇಂಥ ಅಂಕದ ಜಗಳವನ್ನು ಸ್ಟಾಫ್ ರೂಮಿನ ಬಾಗಿಲಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿ. ಮಗ ಹತ್ತನೇ ಕ್ಲಾಸು. ವಿಜ್ಞಾನದ ಎಫ್‌ಎ (ವರ್ಷದ ನಡುವೆ ಶಾಲೆಯಲ್ಲೇ ನಡೆಯುವ ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ಕಣ್ಣಿನ ಮಾದರಿ ಮಾಡಿಕೊಂಡು ಬರಲು ಹೇಳಿದ್ದರು. ಒಂಬತ್ತು ದಿನ ತಡವಾಗಿ ಕೊಟ್ಟ. ಅದರಲ್ಲಿ ಮೂರು ದಿನ ನಮ್ಮ ತೋಟದ ಹತ್ತಿರವೇ ಆನೆಗಳಿದ್ದವು, ಮಕ್ಕಳನ್ನು ಹೊರಗೇ ಬಿಟ್ಟಿರಲಿಲ್ಲ. ನನ್ನ ತಮ್ಮ ಹಾಸನದಿಂದ ಥರ್ಮಾಕೋಲ್, ಬಣ್ಣ ಎಲ್ಲ ತಂದು ರಾತ್ರಿ ಹನ್ನೊಂದರ ತನಕ ಕೂತು ಮಾಡಿಕೊಟ್ಟಿದ್ದ. ಅಷ್ಟು ಚೆನ್ನಾಗಿ ಬಂದಿದ್ದರೂ ಸರ್ 15ಕ್ಕೆ 5 ಕೊಟ್ಟರು. ಹೋಗಿ ಕೇಳಿದರೆ "ಜವಾಬ್ದಾರಿ ಇಲ್ಲದ ಹುಡುಗ" ಅಂದರು. ನನಗೂ ಸಿಟ್ಟು ಬಂತು, ನಾಲ್ಕು ಮಾತು ಆಡಿದೆ. ಈಗ ಅವರು ನನ್ನ ಫೋನ್ ಎತ್ತುತ್ತಿಲ್ಲ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ದೂರು ಕೊಡಬಹುದಾ?

ಉತ್ತರ: ತಾಯಿ, ಮೊದಲು ಆನೆ ಇದ್ದ ಆ ಮೂರು ದಿನದ ಮಾತು. ಅದು ನಿಮ್ಮ ಮಗನ ತಪ್ಪಿನ ಲೆಕ್ಕಕ್ಕೆ ಬರಲೇಬಾರದು. ಆಲೂರು ಕಡೆ ನಾನು ಆರು ವರ್ಷ ಇದ್ದೆ. ಬೆಳಿಗ್ಗೆ ಹಾಜರಿ ಕರೆಯುವಾಗ ಒಂದೇ ದಿಕ್ಕಿನ ಊರುಗಳ ಏಳೆಂಟು ಮಕ್ಕಳು ಒಟ್ಟಿಗೆ ಇಲ್ಲ ಅಂದರೆ ಯಾರನ್ನೂ ಕೇಳುವ ಅಗತ್ಯವೇ ಇರುತ್ತಿರಲಿಲ್ಲ. ಆ ದಾರಿಯಲ್ಲಿ ಆನೆ ಇದೆ ಅಂತಲೇ ಅರ್ಥ. ಪ್ರಾಣದ ಭಯದಿಂದ ಮನೆಯಲ್ಲಿ ಕೂತ ದಿನಕ್ಕೆ ಅಂಕ ಕಳೆಯುವುದು ಅನ್ಯಾಯ. ನಿಮ್ಮ ಊರಿನ ಪರಿಸ್ಥಿತಿ ಆ ಸರ್‌ಗೆ ತಿಳಿದಿರಲಿಕ್ಕಿಲ್ಲ. ತಿಳಿಸಬೇಕು.

ಆದರೆ ಉಳಿದ ಆರು ದಿನದ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. ಎರಡು ಸಲ ಹುಡುಕಿದೆ. ಹುಡುಕುವಾಗ ಇನ್ನೊಂದು ಕಣ್ಣಿಗೆ ಬಿತ್ತು. ಮಾದರಿ ಮಾಡಿದ್ದು ಸೋದರಮಾವ. ಸ್ಕೂಲಿಗೆ ಹೋಗಿದ್ದು ಅಮ್ಮ. ಮಾತಿಗೆ ಮಾತು ಬೆಳೆಸಿದ್ದು ಅಮ್ಮ ಮತ್ತು ಸರ್. ಮಗ ಎಲ್ಲಿದ್ದಾನೆ? ಇಡೀ ಪತ್ರದಲ್ಲಿ ಅವನು ಒಂದೇ ಒಂದು ಮಾತು ಆಡಿಲ್ಲ. ಹದಿನೈದು ವರ್ಷದ ಹುಡುಗ, ಅಂಕವೂ ಅವನದೇ. ನನಗೆ ನಿಜವಾಗಿ ಸಂಕಟ ಆಗಿದ್ದು ಇಲ್ಲಿ.

ಈಗ ಲೆಕ್ಕ ನೋಡೋಣ. ಹತ್ತನೇ ಕ್ಲಾಸಿನಲ್ಲಿ ವರ್ಷಕ್ಕೆ ನಾಲ್ಕು ಎಫ್‌ಎ. ಒಂದೊಂದರಲ್ಲೂ 15 ಅಂಕದ ಎರಡು ಚಟುವಟಿಕೆ, 20 ಅಂಕದ ಒಂದು ಕಿರು ಪರೀಕ್ಷೆ, ಸೇರಿ 50. ನಾಲ್ಕೂ ಸೇರಿದರೆ 200. ವಿಜ್ಞಾನದಲ್ಲಿ ಆ 200ನ್ನು 20ಕ್ಕೆ ಇಳಿಸುತ್ತಾರೆ, ಅದೇ ಆಂತರಿಕ ಅಂಕ. ನಿಮ್ಮ ಮಗನಿಗೆ 15ಕ್ಕೆ 15 ಕೊಟ್ಟಿದ್ದರೂ ಹತ್ತು ಅಂಕ ಜಾಸ್ತಿ ಆಗುತ್ತಿತ್ತು. 200ಕ್ಕೆ ಹತ್ತು ಅಂದರೆ 20ಕ್ಕೆ ಒಂದು. ಎಸ್ಸೆಸ್ಸೆಲ್ಸಿಯ 625 ಅಂಕದಲ್ಲಿ ಒಂದೇ ಒಂದು ಅಂಕಕ್ಕೆ ಇಷ್ಟೆಲ್ಲ ಆಗಿದೆ. ಒಂದು ಅಂಕ ಅಂತ ನಾನು ಹಗುರ ಮಾಡುತ್ತಿಲ್ಲ. ಆದರೆ ವಿಜ್ಞಾನದಲ್ಲಿ ಇನ್ನೂ 80 ಅಂಕದ ಲಿಖಿತ ಪರೀಕ್ಷೆ ಮುಂದಿದೆ. ಅದಕ್ಕೆ ಅವನಿಗೆ ಆ ಸರ್ ಬೇಕು. ನೀವಿಬ್ಬರೂ ಮಾತು ಬಿಟ್ಟರೆ, ಅನುಮಾನ ಬಂದಾಗ ಹುಡುಗ ಯಾವ ಧೈರ್ಯದ ಮೇಲೆ ಹೋಗಿ ಕೇಳಬೇಕು?

ಆ ಸರ್ ಬಗ್ಗೆಯೂ ಹೇಳಲೇಬೇಕು. ಅವರು ಅಂಕ ಕಳೆದಿದ್ದು ಯಾವುದಕ್ಕೆ? ತಡವಾಗಿದ್ದಕ್ಕಾ, ಮಾವ ಮಾಡಿದ್ದು ಅಂತ ಗೊತ್ತಾಗಿದ್ದಕ್ಕಾ, ಹುಡುಗನಿಗೆ ಕಣ್ಣಿನ ಪಾಠ ಬಾರದ್ದಕ್ಕಾ? ಬರೀ 5 ಅನ್ನುವ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ತಡ ಮಾಡಿದ ಹುಡುಗನಿಗೆ ಬುದ್ಧಿ ಹೇಳುವುದು ಬೇರೆ, ಅವನಿಗೆ ಎಷ್ಟು ಗೊತ್ತಿದೆ ಅಂತ ಅಳೆಯುವುದು ಬೇರೆ. ಎರಡನ್ನೂ ಒಂದೇ ಅಂಕದೊಳಗೆ ತುರುಕಿದರೆ ಮನೆಯವರಿಗೆ ಸಿಟ್ಟು ಬರದೆ ಇರುತ್ತದಾ? ತಡಕ್ಕೆ ಅಂಕ ಕಳೆಯುವುದೇ ಆದರೆ ಎಷ್ಟು ದಿನಕ್ಕೆ ಎಷ್ಟು ಅಂತ ಮೊದಲೇ ಬೋರ್ಡಿನ ಮೇಲೆ ಬರೆದಿರಬೇಕು. ಅದೂ ಅಲ್ಲದೆ, ಮಗುವಿನ ಅಮ್ಮನ ಮುಂದೆ "ಜವಾಬ್ದಾರಿ ಇಲ್ಲದ ಹುಡುಗ" ಅನ್ನಬಾರದಿತ್ತು. "ಈ ಕೆಲಸವನ್ನು ತಡ ಮಾಡಿದ" ಅಂದಿದ್ದರೆ ಸಾಕಾಗಿತ್ತು.

ಹೀಗೆ ಮಾಡಿ. ಈ ವಾರ ನೀವು ಹೋಗಬೇಡಿ, ಮಗ ಹೋಗಲಿ. ಊಟದ ಬಿಡುವಿನಲ್ಲಿ ಬೇಡ, ಆಗ ಅವರಿಗೂ ಪುರುಸೊತ್ತು ಇರುವುದಿಲ್ಲ. ಸಂಜೆ ಬೆಲ್ ಆದ ಮೇಲೆ ಹೋಗಲಿ. ಹೋಗಿ ಇಷ್ಟು ಹೇಳಲಿ: "ಸರ್, ಮೂರು ದಿನ ಊರಲ್ಲಿ ಆನೆ ಇತ್ತು. ಉಳಿದ ಆರು ದಿನ ನನ್ನದೇ ತಪ್ಪು. ಮಾದರಿ ಮಾವ ಮಾಡಿದ್ದು. ಆ ಪಾಠದ ಮೇಲೆ ನನ್ನನ್ನೇ ಪ್ರಶ್ನೆ ಕೇಳಿ ಸರ್." ಅದಕ್ಕೆ ಮೊದಲು ಎರಡು ದಿನ ಕೂತು ಪಾಠ ಓದಲಿ. ಹತ್ತಿರದ ವಸ್ತು ನೋಡುವಾಗ ಮಸೂರ ಯಾಕೆ ದಪ್ಪ ಆಗುತ್ತದೆ, ದೂರದ್ದು ಮಸುಕಾಗಿ ಕಂಡರೆ ಯಾವ ಕನ್ನಡಕ ಕೊಡುತ್ತಾರೆ, ಇಷ್ಟಕ್ಕೆ ಅವನು ಉತ್ತರ ಹೇಳಿದರೆ ಯಾವ ಮೇಷ್ಟ್ರ ಮನಸ್ಸೂ ಕರಗುತ್ತದೆ. ಅಂಕ ಜಾಸ್ತಿ ಆಗದೆಯೂ ಇರಬಹುದು. ಆಗದಿದ್ದರೂ ಅವನು ಒಬ್ಬನೇ ಹೋಗಿ ಮಾತಾಡಿ ಬಂದಿರುತ್ತಾನೆ.

ಆಮೇಲೆ ನೀವು ಹೋಗಿ. "ಅವತ್ತು ಸಿಟ್ಟಲ್ಲಿ ಮಾತಾಡಿದೆ ಸರ್" ಅನ್ನಿ. ಆನೆ ಬಂದ ದಿನ ಶಾಲೆಗೆ ಹೇಗೆ ತಿಳಿಸುವುದು, ಕ್ಲಾಸ್ ಟೀಚರ್‌ಗೆ ಒಂದು ಮೆಸೇಜ್ ಹಾಕಿದರೆ ಸಾಕಾ, ಅದನ್ನು ಮುಖ್ಯ ಶಿಕ್ಷಕರ ಎದುರೇ ಮಾತಾಡಿ ತೀರ್ಮಾನ ಮಾಡಿಕೊಳ್ಳಿ. ಇದು ನಿಮ್ಮೊಬ್ಬರ ಮಗನಿಗೆ ಅಲ್ಲ, ಆ ದಾರಿಯ ಎಲ್ಲ ಮಕ್ಕಳಿಗೂ ಬೇಕು. ಬಿಇಒ ಕಚೇರಿ ಇರುವುದೇ ದೂರು ಕೇಳುವುದಕ್ಕೆ, ಹೋಗಬೇಡಿ ಅಂತ ಹೇಳುವುದಿಲ್ಲ. ಮಗುವಿಗೆ ಹೊಡೆದರೆ, ಜಾತಿ ಎತ್ತಿ ಮಾತಾಡಿದರೆ, ಅಂಕಕ್ಕೆ ದುಡ್ಡು ಕೇಳಿದರೆ ಒಂದು ದಿನವೂ ಕಾಯಬೇಡಿ. ಇದು ಅಂಥದ್ದಲ್ಲ.

ಪ್ರಶ್ನೆ: ಸರ್, ಹಾಸನದ ಒಂದು ಖಾಸಗಿ ಹೈಸ್ಕೂಲಿನಲ್ಲಿ ನಾನು ಗಣಿತ ಶಿಕ್ಷಕಿ. ಸೇರಿ ನಾಲ್ಕು ವರ್ಷವಾಯಿತು. ಒಬ್ಬ ಹುಡುಗ ಪಕ್ಕದವನ ಅಸೈನ್‌ಮೆಂಟನ್ನು ತಪ್ಪುಗಳ ಸಮೇತ ನಕಲು ಮಾಡಿದ್ದ. ಸೊನ್ನೆ ಕೊಟ್ಟೆ. ಅವರ ತಂದೆ ಬಂದು "ಇಷ್ಟು ಫೀಸು ಕಟ್ಟುತ್ತೇವೆ, ಸೊನ್ನೆ ಕೊಡುವುದಕ್ಕಾ?" ಎಂದು ಕೂಗಾಡಿದರು. ಆಡಳಿತದವರು ಆಂತರಿಕ ಅಂಕ ಎಲ್ಲರಿಗೂ 20ಕ್ಕೆ 19, 20 ಹಾಕಿ ಅನ್ನುತ್ತಾರೆ. ನನ್ನ ಮನಸ್ಸು ಒಪ್ಪುತ್ತಿಲ್ಲ.

ಉತ್ತರ: ಮೇಡಂ, ನಿಮ್ಮ ಮನಸ್ಸು ಒಪ್ಪದಿರುವುದೇ ಸರಿ. ನನ್ನ ಮನಸ್ಸು ಒಮ್ಮೆ ಒಪ್ಪಿಬಿಟ್ಟಿತ್ತು. ಅದನ್ನು ಹೇಳುತ್ತೇನೆ.

ನಿವೃತ್ತಿಗೆ ಎರಡು ವರ್ಷ ಇತ್ತು. ಒಬ್ಬ ಹುಡುಗಿಯ ತಂದೆ, ಊರಲ್ಲಿ ನಾಲ್ಕು ಜನಕ್ಕೆ ಬೇಕಾದವರು, ಸ್ಟಾಫ್ ರೂಮಿಗೆ ಬಂದು ಮುಕ್ಕಾಲು ಗಂಟೆ ಕೂತರು. ಒಳ್ಳೆಯ ಮನುಷ್ಯ, ಒಂದು ಗಡುಸು ಮಾತೂ ಆಡಲಿಲ್ಲ. ಮಗಳಿಗೆ ಗಣಿತದ ಆಂತರಿಕ ಅಂಕ 11 ಬಂದಿತ್ತು. "ಹೆಣ್ಣು ಮಗು, ಧೈರ್ಯ ಕಳೆದುಕೊಳ್ಳುತ್ತಾಳೆ" ಅಂದರು. ಮುಖ್ಯ ಶಿಕ್ಷಕರೂ "ಸುಮ್ನೆ ಯಾಕೆ, ಕೊಟ್ಟುಬಿಡಿ" ಅಂದರು. 11 ಅಳಿಸಿ 19 ಬರೆದೆ. ಏಪ್ರಿಲ್‌ನಲ್ಲಿ ಲಿಖಿತ ಪರೀಕ್ಷೆಯಲ್ಲಿ ಆ ಹುಡುಗಿಗೆ 80ಕ್ಕೆ 23 ಬಂತು. ಆಗ ಲಿಖಿತದಲ್ಲೇ ಕನಿಷ್ಠ 28 ಬೇಕಿತ್ತು. ನನ್ನ 19 ಯಾವ ಉಪಯೋಗಕ್ಕೂ ಬರಲಿಲ್ಲ. ಮಾರ್ಕ್ಸ್ ಕಾರ್ಡ್ ತೆಗೆದುಕೊಳ್ಳಲು ಬಂದಾಗ ಅವಳು ಕೇಳಿದಳು: "ನೀವು 19 ಕೊಟ್ಟಿದ್ರಲ್ವಾ ಸರ್? ನನಗೆ ಬರುತ್ತೆ ಅಂದ್ಕೊಂಡಿದ್ದೆ." ಅವಳ ಮುಖ ನೋಡಲು ಆಗಲಿಲ್ಲ. 11 ಅಂತ ಗೊತ್ತಿದ್ದರೆ ಜನವರಿಯಿಂದಲೇ ನನ್ನ ಹತ್ತಿರ ಬಂದು ಕೂರುತ್ತಿದ್ದಳೋ ಏನೋ. ಆ ದಾರಿಯನ್ನು ಮುಚ್ಚಿದ್ದು ನಾನು. ಜೂನ್‌ನಲ್ಲಿ ಪೂರಕ ಪರೀಕ್ಷೆ ಬರೆದು ಪಾಸಾದಳು ಅನ್ನುವುದಷ್ಟೇ ಸಮಾಧಾನ.

ನಿಮ್ಮ ಆಡಳಿತದವರಿಗೆ ಇರುವ ಒತ್ತಡ ನನಗೆ ಅರ್ಥ ಆಗುತ್ತದೆ. 2019ರಲ್ಲಿ ನಮ್ಮ ಹಾಸನ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಶೇ. 89.33 ತೆಗೆದು ರಾಜ್ಯಕ್ಕೇ ಮೊದಲು ಬಂತು. ಆ ದಿನ ನಮಗೆಲ್ಲ ಎಷ್ಟು ಹೆಮ್ಮೆ ಆಗಿತ್ತು! ಅಲ್ಲಿಂದ ಮುಂದೆ ಪ್ರತಿ ವರ್ಷವೂ ಆ ಹೆಸರಿನ ಭಾರ ಮೇಷ್ಟ್ರುಗಳ ಹೆಗಲ ಮೇಲೆ ಇದ್ದೇ ಇದೆ. ಆದರೆ 2024ರಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ಅದರ ದೃಶ್ಯವನ್ನು ಕಚೇರಿಯಲ್ಲಿ ಕೂತೇ ನೋಡುವ ವೆಬ್‌ಕಾಸ್ಟಿಂಗ್ ಶುರುವಾಯಿತು. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಮೇಲೂ 73.40ಕ್ಕೆ ನಿಂತಿತು. ಆಂತರಿಕ ಅಂಕ ನಮ್ಮ ಕೈಯಲ್ಲಿದೆ, ಲಿಖಿತ ಉತ್ತರ ಪತ್ರಿಕೆ ತಿದ್ದುವವರಿಗೆ ನಮ್ಮ ಮಕ್ಕಳ ಹೆಸರೂ ಗೊತ್ತಿರುವುದಿಲ್ಲ. ಈ ಮಾತನ್ನು ನಿಮ್ಮ ಮುಖ್ಯ ಶಿಕ್ಷಕರ ಜೊತೆ ಒಬ್ಬರೇ ಕೂತಾಗ ಆಡಿ. ಸಭೆಯಲ್ಲಿ ಬೇಡ. ಸಭೆಯಲ್ಲಿ ಯಾರೂ ತಮ್ಮ ಮಾತಿನಿಂದ ಹಿಂದೆ ಸರಿಯುವುದಿಲ್ಲ.

ಇನ್ನು ಆ ಸೊನ್ನೆ. ನಕಲು ಮಾಡಿದ್ದಕ್ಕೆ ಅಂಕ ಕೊಡಬೇಕಿಲ್ಲ, ನಿಜ. ಆದರೆ ಸೊನ್ನೆ ಕೊಟ್ಟು ಬಿಟ್ಟರೆ ಹುಡುಗನಿಗೂ ಆರಾಮ, ಲೆಕ್ಕ ಮಾಡುವ ಕಷ್ಟ ತಪ್ಪಿತು. ನಾನಾಗಿದ್ದರೆ "ಅಂಕ ಇನ್ನೂ ಹಾಕಿಲ್ಲ" ಅಂತ ಬರೆದು, ಶನಿವಾರ ಕ್ಲಾಸು ಬಿಟ್ಟ ಮೇಲೆ ಅದೇ ಥರದ ಐದು ಲೆಕ್ಕ ನನ್ನೆದುರೇ ಮಾಡಿಸುತ್ತಿದ್ದೆ. ಎಷ್ಟು ಬರುತ್ತದೋ ಅಷ್ಟು ಅಂಕ. ತಂದೆಗೆ ಎರಡೂ ಹಾಳೆ ತೋರಿಸಿ: ನಕಲು ಮಾಡಿದ್ದು ಒಂದು, ಅವನೇ ಮಾಡಿದ್ದು ಒಂದು. ಫೀಸಿನ ಮಾತು ಬಂದರೆ ಈ ಎರಡನೇ ಹಾಳೆಯನ್ನೇ ತೋರಿಸಿ, ಅವರು ಕಟ್ಟಿದ ಫೀಸು ಇದಕ್ಕೇ ಅಂತ ಹೇಳಿ. ಇನ್ನೊಂದು ಸಣ್ಣ ವಿಷಯ. ಕಿರು ಪರೀಕ್ಷೆಯ ಪೇಪರ್ ಒಂದು ವಾರದೊಳಗೆ ವಾಪಸ್ ಕೊಡಿ, ಎಲ್ಲಿ ಎಡವಿದ ಅಂತ ಒಂದು ಸಾಲು ಬರೆಯಿರಿ. ಅರವತ್ತು ಮಕ್ಕಳ ಕ್ಲಾಸಿನಲ್ಲಿ ಇದು ಸುಲಭ ಅಲ್ಲ ಅಂತ ಗೊತ್ತು. ಆ ಒಂದು ಸಾಲು ಕೆಂಪು ಇಂಕಿನಲ್ಲಿ ಇದ್ದ ವರ್ಷ ನನ್ನ ಹತ್ತಿರ ಜಗಳಕ್ಕೆ ಬಂದ ಪೋಷಕರು ಕಡಿಮೆ.

ಪ್ರಶ್ನೆ: ನಾನು ಅರಕಲಗೂಡು ಕಡೆಯ ಆಲೂಗಡ್ಡೆ ಬೆಳೆಗಾರ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಮಗಳು ಒಂಬತ್ತನೇ ಕ್ಲಾಸು. ಪ್ರಗತಿ ಪತ್ರಕ್ಕೆ ನನ್ನ ಸಹಿ ಅವಳೇ ಹಾಕಿಕೊಂಡಿದ್ದಾಳೆ. ಮೇಡಂ ಕರೆಸಿ "ಮನೆಯಲ್ಲಿ ನೀವು ಏನೂ ನೋಡುವುದಿಲ್ವಾ?" ಅಂದರು. ತಲೆ ತಗ್ಗಿಸಿ ಬಂದೆ. ಓದು ಬಾರದವನು ಏನು ನೋಡಲಿ?

ಉತ್ತರ: ಅಣ್ಣ, ತಲೆ ತಗ್ಗಿಸುವಂಥದ್ದು ನೀವೇನೂ ಮಾಡಿಲ್ಲ. ಬೀಜಗಣಿತದ ಗುಣಿಸು ಭಾಗಿಸು ನಿಮಗೆ ಬಾರದಿದ್ದರೂ ಹೊಲದಲ್ಲಿ ಗಿಡದ ಎಲೆ ನೋಡಿಯೇ ಅಂಗಮಾರಿ ರೋಗ ಬಂತೋ ಇಲ್ಲವೋ ಹೇಳುವವರು ನೀವು. ಮಗಳನ್ನೂ ಹಾಗೆ ನೋಡಿ. ವಾರಕ್ಕೊಂದು ಸಲ, ರಾತ್ರಿ ಊಟ ಆದ ಮೇಲೆ, "ಈ ವಾರ ಕಲಿತಿದ್ದರಲ್ಲಿ ಒಂದನ್ನು ನನಗೆ ಅರ್ಥ ಆಗುವ ಹಾಗೆ ಹೇಳು" ಅನ್ನಿ. ಗೊತ್ತಿದ್ದರೆ ಹೇಳುತ್ತಾಳೆ. ತಡವರಿಸಿದರೆ ನಿಮಗೇ ತಿಳಿಯುತ್ತದೆ.

ಸಹಿ ಹಾಕಿಕೊಂಡಿದ್ದಕ್ಕೆ ಹೊಡೆಯಬೇಡಿ. ಕಡಿಮೆ ಅಂಕಕ್ಕೆ ಹೆದರಿ ಹಾಕಿದ್ದಾಳೆ. ಅವಳನ್ನೇ ಜೊತೆಗೆ ಕರೆದುಕೊಂಡು ಹೋಗಿ, ಮೇಡಂ ಎದುರು ಅವಳೇ ಒಪ್ಪಿಕೊಳ್ಳಲಿ, ಅಲ್ಲೇ ನೀವು ನಿಮ್ಮ ಸಹಿ ಹಾಕಿ. ಮೇಡಂ ಹತ್ತಿರ ಒಂದೇ ಮಾತು ಕೇಳಿಕೊಳ್ಳಿ: ಕಡಿಮೆ ಬಂದಾಗ ಪ್ರಗತಿ ಪತ್ರದ ದಿನದ ತನಕ ಕಾಯದೆ ಒಂದು ಫೋನ್ ಮಾಡಿ ಅಂತ.

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಒಂಬತ್ತನೇ ಕ್ಲಾಸ್ ಓದುತ್ತಿದ್ದೇನೆ. ನನ್ನ ಅಮ್ಮ ಅರ್ಧ ಅಂಕ ಕಡಿಮೆ ಬಂದರೂ ಮಿಸ್‌ಗೆ ಫೋನ್ ಮಾಡುತ್ತಾರೆ. ಮಾರನೆಯ ದಿನ ಮಿಸ್ ಕ್ಲಾಸಿನಲ್ಲಿ "ಇವರ ಅಮ್ಮ ಫೋನ್ ಮಾಡಿದ್ರು" ಅನ್ನುತ್ತಾರೆ. ಎಲ್ಲರೂ ನಗುತ್ತಾರೆ. ಇದಕ್ಕಿಂತ ಕಡಿಮೆ ಅಂಕವೇ ವಾಸಿ ಅನ್ನಿಸುತ್ತದೆ.

ಉತ್ತರ: ಮಗಳೇ, ನೀನು ಬರೆದಿದ್ದು ಒಳ್ಳೆಯದಾಯಿತು. ಮಿಸ್ ಹಾಗೆ ಕ್ಲಾಸಿನಲ್ಲಿ ಹೇಳಬಾರದಿತ್ತು. ಮನೆಯವರ ಜೊತೆ ಆಡಿದ ಮಾತು ಕ್ಲಾಸಿಗೆ ಬರಬಾರದು. ನನಗೆ ನಿನ್ನ ಬೇಸರ ಅರ್ಥ ಆಗುತ್ತದೆ.

ಅಮ್ಮನಿಗೆ ನಿನ್ನ ಮೇಲೆ ನಂಬಿಕೆ ಇಲ್ಲ ಅಂತ ಅಂದುಕೊಳ್ಳಬೇಡ. ನೀನು ಹೋಗಿ ಕೇಳುವುದಿಲ್ಲ ಅಂತ ಗೊತ್ತಿರುವುದಕ್ಕೆ ಅವರು ಕೇಳುತ್ತಿದ್ದಾರೆ. ಮುಂದಿನ ಟೆಸ್ಟ್ ಪೇಪರ್ ಬಂದ ದಿನವೇ, ಮನೆಗೆ ಬರುವ ಮೊದಲು, ಅರ್ಥ ಆಗದ ಒಂದು ಉತ್ತರ ತೆಗೆದುಕೊಂಡು ಮಿಸ್ ಹತ್ತಿರ ಹೋಗು. "ಇದರಲ್ಲಿ ಅರ್ಧ ಅಂಕ ಯಾಕೆ ಹೋಯ್ತು ಮಿಸ್, ಹೇಗೆ ಬರೆಯಬೇಕಿತ್ತು?" ಅಂತ ಕೇಳು. ಅವರು ಹೇಳಿದ್ದನ್ನು ಪೇಪರಿನ ಅಂಚಿನಲ್ಲೇ ಪೆನ್ಸಿಲ್‌ನಲ್ಲಿ ಬರೆದುಕೋ. ಮನೆಗೆ ಬಂದು ಅಮ್ಮ ಫೋನ್ ತೆಗೆಯುವ ಮೊದಲೇ ಆ ಪೇಪರ್ ಅವರ ಕೈಗೆ ಕೊಡು. "ನಾನೇ ಕೇಳಿದೆ ಅಮ್ಮ, ನೋಡು" ಅನ್ನು. ಕ್ಲಾಸಿನಲ್ಲಿ ನಕ್ಕಿದ್ದನ್ನೂ ಅವತ್ತೇ ಹೇಳು. ಈ ಪುಟ ಕತ್ತರಿಸಿ ಅವರಿಗೆ ತೋರಿಸಬೇಡ, ನಿನ್ನ ಬಾಯಲ್ಲೇ ಹೇಳು.