ಆರ್‌ಡಿಎಫ್, ಸ್ಪಾರ್ಕಲ್ ಓದಿದ್ದೇನೆ. ನಮ್ಮ ಭಾಗದ ಶಾಸನಗಳ ಪಟ್ಟಿಯನ್ನು ಗ್ರಾಫ್ ಮಾಡಲು ಎಲ್ಲಿಂದ ಶುರು ಮಾಡಲಿ?

ಕಲಬುರಗಿ, ಯಾದಗಿರಿ ಭಾಗದ ಶಾಸನ-ಸ್ಮಾರಕಗಳ ಎಕ್ಸೆಲ್ ಪಟ್ಟಿ ನಿಮ್ಮ ಕೈಯಲ್ಲಿದೆ, ಸೆಮ್ಯಾಂಟಿಕ್ ವೆಬ್‌ನ (ಡೇಟಾವನ್ನು ಸಂಬಂಧಗಳ ಜಾಲವಾಗಿ ಬರೆಯುವ ಆರ್‌ಡಿಎಫ್, ಅದನ್ನು ಪ್ರಶ್ನಿಸುವ ಸ್ಪಾರ್ಕಲ್) ಪಾಠವೂ ಆಗಿದೆ, ಈಗ ಯಾವ ಟೂಲ್ ಹಿಡಿಯಲಿ ಅಂತ ಕೇಳಿದ್ದೀರಿ. ನಾನು ಕಲಬುರಗಿಯಲ್ಲಿ ಇಂಥದೇ ಡೇಟಾ ಜೊತೆ ಕೆಲಸ ಮಾಡುವವನು. ಟೂಲ್ ವಿಷಯ ಬೇಗ ಬಗೆಹರಿಯುತ್ತದೆ. ಯಾವುದು ಯಾವುದರ ಜೊತೆ ಒಂದೇ, ಯಾವುದು ಬೇರೆ ಅಂತ ತೀರ್ಮಾನಿಸುವುದೇ ನಿಜವಾದ ಕೆಲಸ. ಹಾಗಾಗಿ ಅಲ್ಲಿಂದಲೇ ಹೇಳುತ್ತೇನೆ.

ನಿಮ್ಮ ಎಕ್ಸೆಲ್‌ನಲ್ಲಿ 'ಸ್ಥಳ' ಅಂತ ಒಂದು ಕಾಲಂ ಇದ್ದೇ ಇರುತ್ತದೆ. ಸನ್ನತಿಯ ಅಶೋಕ ಶಾಸನವನ್ನೇ ತಗೊಳ್ಳಿ. 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ ಕುಸಿದ ಮೇಲೆ, ವಿಗ್ರಹದ ಪೀಠಕ್ಕೆ ಬಳಸಿದ್ದ ಕಲ್ಲಿನ ಮೇಲೆ ಆ ಶಾಸನ ಇರುವುದು ಗೊತ್ತಾಯಿತು. ಅಂದರೆ ಕಲ್ಲು ಮೊದಲು ನಿಂತಿದ್ದ ಜಾಗ ಬೇರೆ, ಸಿಕ್ಕ ಜಾಗ ಬೇರೆ, ಈಗ ಇಟ್ಟಿರುವ ಜಾಗ ಇನ್ನೊಂದು ಆಗಿರಬಹುದು. ಎಕ್ಸೆಲ್ ಈ ಮೂರನ್ನೂ ಒಂದೇ ಕಾಲಂಗೆ ತುರುಕುತ್ತದೆ. ಗ್ರಾಫ್‌ನಲ್ಲಿ ಅವು ಮೂರು ಬೇರೆ ಬೇರೆ ಸಂಬಂಧಗಳಾಗಬೇಕು, ಪ್ರತಿಯೊಂದಕ್ಕೂ ಒಂದು ಟ್ರಿಪಲ್, ಅಂದರೆ 'ವಸ್ತು, ಸಂಬಂಧ, ಬೆಲೆ' ಎಂಬ ಮೂರು ಭಾಗದ ಹೇಳಿಕೆ. ಹೀಗೆ ಬಿಡಿಸಿ ನೋಡುವುದಕ್ಕಾಗಿಯೇ ಆರ್‌ಡಿಎಫ್ ಬೇಕಾಗಿರುವುದು. ಇದು ಬೇಡವಾದರೆ ಎಕ್ಸೆಲ್ ಸಾಕು. ಮ್ಯೂಸಿಯಂನವರು ಇದಕ್ಕಾಗಿಯೇ ಸಿಡಾಕ್ ಸಿಆರ್‌ಎಂ (CIDOC CRM) ಎಂಬ ಆಂಟಾಲಜಿ, ಅಂದರೆ ವಸ್ತು-ಸಂಬಂಧಗಳ ಸಿದ್ಧ ಮಾದರಿ, ಮಾಡಿಟ್ಟಿದ್ದಾರೆ. ಸ್ವಂತದ್ದು ಬರೆಯುವ ಮೊದಲು ಅದನ್ನು ಓದಿ.

ಇನ್ನು ಜಿಲ್ಲೆ. 2014ರಲ್ಲಿ ಗುಲ್ಬರ್ಗಾ ಕಲಬುರಗಿ ಆಯಿತು. ಹೆಸರು ಬದಲಾಯಿತೇ ಹೊರತು ಊರಲ್ಲ, ಆದ್ದರಿಂದ ಐಆರ್‌ಐ (ಗ್ರಾಫ್‌ನಲ್ಲಿ ಆ ವಸ್ತುವಿನ ಗುರುತು) ಒಂದೇ ಇರಲಿ, ಲೇಬಲ್ ಎರಡು ಕೊಡಿ. ಸುರಪುರದ ಕಥೆ ಬೇರೆ. 2009-10ರಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆ ಆಗುವವರೆಗೆ ಅದು ಗುಲ್ಬರ್ಗಾ ಜಿಲ್ಲೆಯ ತಾಲೂಕು. ಹಳೇ ಗೆಜೆಟಿಯರ್‌ನಿಂದ ಒಂದು ಸಾಲು, ಈಗಿನ ಪಟ್ಟಿಯಿಂದ ಒಂದು ಸಾಲು ಬಂದರೆ ಸುರಪುರಕ್ಕೆ ಎರಡು ಜಿಲ್ಲೆ ಅಂಟಿಕೊಳ್ಳುತ್ತವೆ. ಆಗ ನೀವು ಔಲ್ (OWL) ಎಂಬ ಆಂಟಾಲಜಿ ಭಾಷೆಯಲ್ಲಿ 'ಜಿಲ್ಲೆ' ಎಂಬ ಗುಣವನ್ನು ಫಂಕ್ಷನಲ್ (ಒಂದಕ್ಕೆ ಒಂದೇ ಬೆಲೆ) ಅಂತ ಘೋಷಿಸಿದ್ದೀರಿ ಅನ್ನಿ. ರೀಸನರ್ (ತರ್ಕ ಮಾಡುವ ಪ್ರೋಗ್ರಾಂ) ತಪ್ಪು ಅಂತ ಹೇಳುವುದಿಲ್ಲ! ಒಂದಕ್ಕೆ ಒಂದೇ ಜಿಲ್ಲೆ ಇರಬೇಕಲ್ಲ, ಹಾಗಾದರೆ ಗುಲ್ಬರ್ಗಾ ಜಿಲ್ಲೆ, ಯಾದಗಿರಿ ಜಿಲ್ಲೆ ಎರಡೂ ಒಂದೇ ವಸ್ತು ಅಂತ ತೀರ್ಮಾನಿಸಿಬಿಡುತ್ತದೆ. ಔಲ್ ಇರುವುದು ತರ್ಕದಿಂದ ಹೊಸ ಮಾತು ಹೊರಡಿಸಲಿಕ್ಕೆ. ಡೇಟಾ ಸರಿ ಇದೆಯೇ ಅಂತ ತಪಾಸಣೆ ಮಾಡಲು 2017ರಲ್ಲಿ ಬಂದ ಶ್ಯಾಕಲ್ (SHACL) ಇದೆ. ಈ ವ್ಯತ್ಯಾಸ ಪಾಠದಲ್ಲಿ ಒಂದು ಸಾಲಾಗಿ ಹೋಗಿಬಿಡುತ್ತದೆ, ಆದರೆ ಕೆಲಸದಲ್ಲಿ ಇದರಷ್ಟು ಕಾಡುವುದು ಬೇರೆ ಇಲ್ಲ.

ಬರೀ ಒಂದು ಟ್ರಿಪಲ್‌ಗೆ 'ಯಾವಾಗಿನಿಂದ, ಯಾವಾಗಿನವರೆಗೆ' ಹೇಳಲು ಬರುವುದಿಲ್ಲ. ನಡುವೆ ಇನ್ನೊಂದು ನೋಡ್ ಬೇಕು. ವಿಕಿಪೀಡಿಯದ ಸೋದರ ಡೇಟಾ ಜಾಲವಾದ ವಿಕಿಡೇಟಾ ಇದನ್ನು ಹೇಗೆ ಮಾಡಿದೆ ನೋಡಿ ಕಲಿಯಿರಿ. ಅಲ್ಲಿ ಆಡಳಿತ ವ್ಯಾಪ್ತಿಗೆ ಪಿ131, ಅದರ ಮೇಲೆ ಆರಂಭಕ್ಕೆ ಪಿ580, ಅಂತ್ಯಕ್ಕೆ ಪಿ582. ಹಾಗೆಯೇ ಇಂದಿನ ಮಳಖೇಡ ಗ್ರಾಮವನ್ನೂ ರಾಷ್ಟ್ರಕೂಟರ ಮಾನ್ಯಖೇಟವನ್ನೂ 'ಸೇಮ್ ಆ್ಯಸ್' ಅಂತ ಕಟ್ಟಬೇಡಿ. ಕಟ್ಟಿದರೆ ಗ್ರಾಮದ ಇಂದಿನ ಜನಸಂಖ್ಯೆ ಒಂಬತ್ತನೇ ಶತಮಾನದ ರಾಜಧಾನಿಗೂ ಸೇರುತ್ತದೆ. ಸ್ಕಾಸ್ (SKOS) ಎಂಬ ಪದಕೋಶದ 'ಕ್ಲೋಸ್ ಮ್ಯಾಚ್' (ಹತ್ತಿರದ ಹೊಂದಿಕೆ) ಸಾಕು.

ಕನ್ನಡದಂಥ ಲಿಪಿಗಳಲ್ಲಿ ಬರುವ ತೊಂದರೆಯೊಂದಿದೆ. ಟರ್ಟಲ್ ಎಂಬ ಆರ್‌ಡಿಎಫ್ ಬರೆಯುವ ರೂಪದ ಫೈಲಿನಲ್ಲಿ ಐಆರ್‌ಐಯನ್ನು ಕನ್ನಡದಲ್ಲೇ ಬರೆಯಬಹುದು, ಸ್ಪಾರ್ಕಲ್‌ನ ವೇರಿಯಬಲ್ ಕೂಡ. ಆದರೆ 'ಬೀದರ್‌ನಲ್ಲಿ' ಎಂಬ ಪದದಿಂದ 'ಬೀದರ್' ಕಾಪಿ ಮಾಡಿದರೆ ಕೊನೆಯಲ್ಲಿ ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್ ಜಾಯ್ನರ್ ಎಂಬ ಅಕ್ಷರ ಉಳಿದುಬಿಡಬಹುದು. ನೋಡಲು ಎರಡೂ ಒಂದೇ; ಆರ್‌ಡಿಎಫ್ ಅಕ್ಷರಕ್ಕೆ ಅಕ್ಷರ ಹೋಲಿಸುವುದರಿಂದ ಅದಕ್ಕೆ ಎರಡು ಬೀದರ್! ಪೈಥಾನ್‌ನಲ್ಲಿ ಎನ್‌ಎಫ್‌ಸಿ (ಯುನಿಕೋಡ್ ಅಕ್ಷರಗಳನ್ನು ಒಂದೇ ರೂಪಕ್ಕೆ ತರುವುದು) ಮಾಡಿ, ಅದರಿಂದ ಈ ಅಕ್ಷರ ಹೋಗುವುದಿಲ್ಲವಾದ್ದರಿಂದ ಅದನ್ನು ಬೇರೆಯಾಗಿ ತೆಗೆಯಿರಿ. ಇಡೀ ಪಟ್ಟಿಯಿಂದ ಕಿತ್ತುಹಾಕಬೇಡಿ, ಐಆರ್‌ಐಗೆ ಬಳಸುವ ಹೆಸರುಗಳಿಂದ ಮಾತ್ರ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಆದ ಫೈಲಾದರೆ ಇದಕ್ಕೂ ಮೊದಲು ಯುನಿಕೋಡ್‌ಗೆ ಬದಲಿಸಿ. ಭಾಷೆಯ ಗುರುತು ಹಾಕಿದ ಲೇಬಲ್, ಹಾಕದ ಲೇಬಲ್ ಕೂಡ ಸ್ಪಾರ್ಕಲ್‌ಗೆ ಬೇರೆ ಬೇರೆ. ಕ್ವೆರಿ ಸರಿ ಇದ್ದೂ ಒಂದೂ ಸಾಲು ಬರದಿದ್ದರೆ ಮೊದಲು ಇದನ್ನೇ ನೋಡಿ.

ಟೂಲ್‌ಗಳು: ಪಟ್ಟಿ ಸ್ವಚ್ಛ ಮಾಡಿ ವಿಕಿಡೇಟಾ ಜೊತೆ ಹೊಂದಿಸಲು ಓಪನ್‌ರಿಫೈನ್. ನಿಮ್ಮ ಪಟ್ಟಿಯ ಗಾತ್ರಕ್ಕೆ ಪೈಥಾನ್‌ನ ಆರ್‌ಡಿಎಫ್‌ಲಿಬ್ ಸಾಕು. ನಾಲ್ಕು ಜನ ಒಟ್ಟಿಗೆ ಕ್ವೆರಿ ಮಾಡಬೇಕೆಂದಾಗ ಅಪಾಚೆ ಜೀನಾ ಫ್ಯೂಸೆಕಿ ಎಂಬ ಸರ್ವರ್ ಹಾಕಿಕೊಳ್ಳಿ. ಉಚಿತ, ಜಾವಾ ಇದ್ದರೆ ನಡೆಯುತ್ತದೆ. ಆಂಟಾಲಜಿ ಬರೆಯುವ ಪ್ರೊಟೇಜೆ ಈಗಲೇ ತೆರೆಯಬೇಡಿ, ಕ್ಲಾಸ್‌ಗಳ ಮರ ಬೆಳೆಸುತ್ತಾ ತಿಂಗಳು ಕಳೆದುಹೋಗುತ್ತದೆ.

ಈ ವಾರ ಹತ್ತು ಶಾಸನ ಆರಿಸಿ, ಟರ್ಟಲ್‌ನಲ್ಲಿ ಕೈಯಾರೆ ಬರೆಯಿರಿ. ಸುರಪುರ ತಾಲೂಕಿನದೊಂದು, ಜಾಗ ಬದಲಾದದ್ದೊಂದು ಅದರಲ್ಲಿ ಇರಲೇಬೇಕು. ಆಮೇಲೆ '1990ರಲ್ಲಿ ಇದು ಯಾವ ಜಿಲ್ಲೆಯಲ್ಲಿತ್ತು' ಅಂತ ಸ್ಪಾರ್ಕಲ್‌ನಲ್ಲಿ ಕೇಳಿ. ಗುಲ್ಬರ್ಗಾ ಅಂತ ಉತ್ತರ ಬಂದ ಮೇಲೆ ಉಳಿದ ಸಾಲುಗಳಿಗೆ ಕೈ ಹಾಕಿ.