ಅಂಗೈಯಲ್ಲೇ ನೂರು ಗುರುಗಳು: ಯಾರ ಮಾತು ಹಿಡಿಯಬೇಕು?

ಪ್ರಶ್ನೆ: ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ 24 ವರ್ಷದ ಯುವಕ ನಾನು. ಜಿಮ್ ಸೇರಿ ನಾಲ್ಕು ತಿಂಗಳಾಯಿತು. ತರಬೇತುದಾರರು ಬರುವುದು ಸಂಜೆ, ನಾನು ಹೋಗುವುದು ನಸುಕಿನಲ್ಲಿ. ಹೀಗಾಗಿ ಮೊಬೈಲ್ ನೋಡಿಯೇ ಕಲಿಯುತ್ತಿದ್ದೇನೆ. ಸ್ಕ್ವಾಟ್ (ಕೂತು ಏಳುವ ವ್ಯಾಯಾಮ) ಮಾಡುವಾಗ ಪೂರ್ತಿ ಕೆಳಗೆ ಕೂರಬೇಕೆಂದು ಒಬ್ಬರು ಹೇಳಿದರೆ, ಮೊಣಕಾಲು ಕೆಡುತ್ತದೆಂದು ಇನ್ನೊಬ್ಬರು ಹೆದರಿಸುತ್ತಾರೆ. ಯಾರನ್ನು ನಂಬಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ನೀವು ಬರೆಯದೆ ಬಿಟ್ಟ ಸಂಗತಿ. ನಾಲ್ಕು ತಿಂಗಳ ಹಿಂದೆ ಎಷ್ಟು ಕಿಲೋ ಎತ್ತುತ್ತಿದ್ದಿರಿ, ಈಗ ಎಷ್ಟು ಎತ್ತುತ್ತೀರಿ ಎಂಬ ಲೆಕ್ಕ ಅದರಲ್ಲಿ ಎಲ್ಲಿಯೂ ಇಲ್ಲ. ಗಿರಣಿಯ ಒಂದೊಂದು ಚೀಲದ ಲೆಕ್ಕ ಇಡುವ ನಿಮಗೆ ಈ ಲೆಕ್ಕ ಇಡಬೇಕೆಂದು ಇಷ್ಟು ದಿನ ನೋಡಿದ ಯಾವ ವಿಡಿಯೋವೂ ಹೇಳಲಿಲ್ಲವೆಂದರೆ, ಅವು ನಿಮಗೆ ವ್ಯಾಯಾಮವನ್ನು ತೋರಿಸಿವೆಯೇ ಹೊರತು ಕಲಿಸಿಲ್ಲ. ಆನ್‌ಲೈನಿನಲ್ಲಿ ಸಿಗುವ ಯಾವುದೇ ಮಾಹಿತಿಯನ್ನು ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ: ಇದನ್ನು ನೋಡಿ ಮುಗಿಸಿದ ಮೇಲೆ, ಮುಂದಿನ ವಾರ ನಾನು ಯಾವ ವ್ಯಾಯಾಮವನ್ನು, ಎಷ್ಟು ಭಾರದಿಂದ, ಎಷ್ಟು ಸಲ ಮಾಡಬೇಕು ಎಂಬುದು ತಿಳಿಯುತ್ತದೆಯೇ? ತಿಳಿಯದಿದ್ದರೆ, ಹೇಳುವವರ ತೋಳು ಎಷ್ಟೇ ದಪ್ಪಗಿದ್ದರೂ ಅದು ನಿಮ್ಮ ಕೆಲಸಕ್ಕೆ ಬಾರದು.

ಸ್ನಾಯುಗಳ ಬಲ ಹೆಚ್ಚುವುದು ಭಾರವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಹೋದಾಗ. ಥಾಮಸ್ ಡಿಲಾರ್ಮ್ ಎಂಬ ಅಮೆರಿಕದ ಸೇನಾ ವೈದ್ಯರು, ಗಾಯಗೊಂಡ ಸೈನಿಕರಿಗೆ ಹೀಗೆ ಕ್ರಮವಾಗಿ ಭಾರ ಏರಿಸುವ ವ್ಯಾಯಾಮ ಕೊಟ್ಟು, ಅದರ ಫಲವನ್ನು 1945ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ನಮ್ಮ ಭಾಗದ ಹಳ್ಳಿಗಳಲ್ಲಿ ಹಬ್ಬಕ್ಕೆ, ಜಾತ್ರೆಗೆ ಸಂಗ್ರಾಣಿ ಕಲ್ಲು ಎತ್ತುವವರಿಗೂ ಇದು ಹೊಸ ವಿಷಯವಲ್ಲ; ದೊಡ್ಡ ಕಲ್ಲಿಗೆ ಮೊದಲ ದಿನವೇ ಯಾರೂ ಕೈ ಹಾಕುವುದಿಲ್ಲ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಎಂಬ ಕ್ರೀಡಾ ವೈದ್ಯಕೀಯ ಸಂಸ್ಥೆ 2009ರಲ್ಲಿ ಹೊರಡಿಸಿದ ನಿಲುವು ಪತ್ರ ಇದಕ್ಕೊಂದು ಅಳತೆಯನ್ನೂ ಕೊಡುತ್ತದೆ. ಗೊತ್ತುಪಡಿಸಿಕೊಂಡ ಸಂಖ್ಯೆಗಿಂತ ಒಂದೆರಡು ಸಲ ಹೆಚ್ಚಾಗಿ ಎತ್ತಲು ಸಾಧ್ಯವಾದಾಗ ಭಾರವನ್ನು ಶೇ. 2ರಿಂದ 10ರಷ್ಟು ಏರಿಸಬೇಕು. ಅಂದರೆ 40 ಕಿಲೋ ಹೊತ್ತು ಹತ್ತು ಸಲ ಸ್ಕ್ವಾಟ್ ಮಾಡುವ ಗುರಿ ಇಟ್ಟುಕೊಂಡ ನೀವು ಹನ್ನೆರಡು ಸಲ ಸಲೀಸಾಗಿ ಮಾಡಿದ ದಿನ, ಬಾರಿನ (ಭಾರ ಸಿಕ್ಕಿಸುವ ಕಬ್ಬಿಣದ ಸರಳಿನ) ಎರಡೂ ತುದಿಗೆ ಒಂದೂಕಾಲು ಕಿಲೋದ ಪ್ಲೇಟ್ ಸೇರಿಸಿದರೆ ಸಾಕು. ಹೊಸಬರಿಗೆ ವಾರಕ್ಕೆ ಎರಡು ಮೂರು ದಿನ ಇಡೀ ಮೈಗೆ ವ್ಯಾಯಾಮ ಕೊಡುವುದೇ ಸರಿ. ದಿನಕ್ಕೊಂದು ಹೊಸ ವ್ಯಾಯಾಮ ಮಾಡುವವನಿಗೆ ಯಾವುದರಲ್ಲಿ ಬಲ ಹೆಚ್ಚಿತೆಂದು ತಿಳಿಯುವ ದಾರಿಯೇ ಇರುವುದಿಲ್ಲ.

ಈಗ ಎಲ್ಲಿ ಹುಡುಕಬೇಕೆಂಬ ಮಾತು. ವ್ಯಾಯಾಮದ ಸರಿಯಾದ ವಿಧಾನ ತಿಳಿಯಲು ಎಕ್ಸ್‌ಆರ್‌ಎಕ್ಸ್ ಎಂಬ ಹಳೆಯ ಜಾಲತಾಣವನ್ನು ನಾನು ಮೊದಲು ಹೇಳುತ್ತೇನೆ. ನೋಡಲು ಅಷ್ಟೇನೂ ಅಂದವಾಗಿಲ್ಲ, ಆದರೆ ಅಲ್ಲಿ ವ್ಯಾಯಾಮಗಳನ್ನು ಸ್ನಾಯುಗಳಿಗೆ ಅನುಸಾರವಾಗಿ ಜೋಡಿಸಿ, ಹೇಗೆ ನಿಲ್ಲಬೇಕು, ಹೇಗೆ ಎತ್ತಬೇಕು ಎಂಬುದನ್ನು ಕೆಲವೇ ಸಾಲುಗಳಲ್ಲಿ ಹೇಳಿದ್ದಾರೆ. ಅಮೆರಿಕನ್ ಕೌನ್ಸಿಲ್ ಆನ್ ಎಕ್ಸರ್‌ಸೈಸ್ ಸಂಸ್ಥೆಯ ವ್ಯಾಯಾಮ ಭಂಡಾರವೂ ಉಚಿತ. ಯಾರಾದರೂ ‘ಸಂಶೋಧನೆ ಹೇಳಿದೆ’ ಎಂದಾಗ ಆ ಸಂಶೋಧನೆಯ ಸಾರಾಂಶವನ್ನು ಪಬ್‌ಮೆಡ್ ಎಂಬ ವೈದ್ಯಕೀಯ ಸಂಶೋಧನೆಗಳ ಜಾಲತಾಣದಲ್ಲಿ ದುಡ್ಡು ಕೊಡದೆ ಓದಬಹುದು. ಪ್ರಯೋಗ ನಡೆದದ್ದು ಇಲಿಗಳ ಮೇಲೋ ಮನುಷ್ಯರ ಮೇಲೋ, ಎಷ್ಟು ಜನರ ಮೇಲೆ ಎಂಬುದನ್ನು ನೋಡಿದರೇ ಅರ್ಧ ಗೊಂದಲ ಕಳೆಯುತ್ತದೆ. ಹುಡುಕುವಾಗ ವ್ಯಾಯಾಮದ ಹೆಸರನ್ನು ಇಂಗ್ಲಿಷಿನಲ್ಲೇ ಟೈಪ್ ಮಾಡಿ. ಕನ್ನಡದಲ್ಲಿ ಒಳ್ಳೆಯ ಮಾಹಿತಿ ಇನ್ನೂ ಕಡಿಮೆ ಇದೆ ಎಂದು ಬರೆಯಲು ನನಗೆ ಬೇಸರವಾಗುತ್ತದೆ, ಆದರೆ ಸದ್ಯದ ಸ್ಥಿತಿ ಅದೇ.

ಒಂದು ಎಚ್ಚರಿಕೆಯನ್ನು ಅನುಭವದಿಂದ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ಜಾಲತಾಣವೊಂದರಲ್ಲಿ ಸಿಕ್ಕ 12 ವಾರಗಳ ಯೋಜನೆಯನ್ನು ಕಣ್ಣು ಮುಚ್ಚಿ ಅನುಸರಿಸಿದೆ. ವರ್ಷಗಟ್ಟಲೆ ಭಾರ ಎತ್ತಿ ಪಳಗಿದವರಿಗೆಂದು ಸಿದ್ಧಪಡಿಸಿದ ಯೋಜನೆ ಅದು. ಆ ಮಾತನ್ನು ಅವರು ಎಲ್ಲಿಯೂ ಬರೆದಿರಲಿಲ್ಲ. ಐದನೆಯ ವಾರಕ್ಕೆ ಎಡಭುಜ ಹಿಡಿದುಕೊಂಡಿತು, ಅಂಗಿ ತೊಡಲೂ ಇನ್ನೊಬ್ಬರ ಕೈ ಬೇಕಾಯಿತು. ಅಂದಿನಿಂದ, ‘ಇದು ಯಾರಿಗಲ್ಲ’ ಎಂದು ಸ್ಪಷ್ಟವಾಗಿ ಹೇಳದ ಯಾವ ಯೋಜನೆಯನ್ನೂ ನಾನು ಯಾರಿಗೂ ಸೂಚಿಸಿಲ್ಲ.

ಇನ್ನು ಸ್ಕ್ವಾಟ್ ಬಗ್ಗೆ. ಹೊಲದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕಳೆ ತೆಗೆಯುವವರನ್ನು ದಿನವೂ ಕಾಣುವ ನಮಗೆ, ಪೂರ್ತಿ ಕೂತರೆ ಮೊಣಕಾಲು ಕೆಡುತ್ತದೆಂಬ ಹೆದರಿಕೆ ಬೇಕಿಲ್ಲ. ನೋವಿಲ್ಲದ, ಆರೋಗ್ಯವಾದ ಮೊಣಕಾಲಿಗೆ ಆಳವಾದ ಸ್ಕ್ವಾಟ್ ಹಾನಿಕರವಲ್ಲ. ಭಾರವನ್ನು ಮಾತ್ರ ನಿಧಾನವಾಗಿ ಏರಿಸಬೇಕು. ನಿಮ್ಮ ಆಳ ಎಷ್ಟೆಂದು ತಿಳಿಯಬೇಕಾದರೆ ಹೀಗೆ ಮಾಡಿ: ಮೊಬೈಲನ್ನು ಸೊಂಟದ ಎತ್ತರದ ಬೆಂಚಿನ ಮೇಲೆ ನೀರಿನ ಬಾಟಲಿಗೆ ಒರಗಿಸಿ, ಪಕ್ಕದಿಂದ ಐದು ಸಲದ ವಿಡಿಯೋ ತೆಗೆಯಿರಿ. ಅದನ್ನು ಅರ್ಧ ವೇಗಕ್ಕೆ ಇಳಿಸಿ ನೋಡಿದರೆ, ಕೆಳಗಿಳಿಯುವಾಗ ಯಾವ ಹಂತದಲ್ಲಿ ಹಿಮ್ಮಡಿ ನೆಲ ಬಿಡುತ್ತದೆ, ಎಲ್ಲಿ ಸೊಂಟ ಒಳಕ್ಕೆ ಬಾಗುತ್ತದೆ ಎಂಬುದು ಕಾಣುತ್ತದೆ. ಅದಕ್ಕಿಂತ ಒಂದು ಬೆರಳು ಮೇಲೆ ನಿಲ್ಲಿಸಿ. ಇವತ್ತಿಗೆ ನಿಮ್ಮ ಆಳ ಅಷ್ಟೇ.

ವಿದೇಶಿ ಯೋಜನೆಗಳು ಹೇಳದ ಇನ್ನೊಂದು ಸಂಗತಿ ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಸೀಮೆಯ ತಾಪಮಾನ 40 ಡಿಗ್ರಿ ದಾಟುವಾಗ, ತಗಡಿನ ಮಾಡಿನ ಕೆಳಗೆ ಎತ್ತುವ ಭಾರ ಎರಡು ಪಟ್ಟು ಅನಿಸುತ್ತದೆ. ನಸುಕಿನ ನಿಮ್ಮ ಹೊತ್ತನ್ನು ಬಿಡಬೇಡಿ, ಸುತ್ತುಗಳ ನಡುವಿನ ವಿಶ್ರಾಂತಿಯನ್ನು ಮೂರು ನಿಮಿಷದವರೆಗೆ ಹೆಚ್ಚಿಸಿಕೊಳ್ಳಿ.

ಪ್ರಶ್ನೆ: ರಾಯಚೂರಿನಲ್ಲಿ ಪದವಿ ಓದುತ್ತಿದ್ದೇನೆ, ತೂಕ 60 ಕಿಲೋ. ಆನ್‌ಲೈನಿನಲ್ಲಿ ಎಲ್ಲರೂ ಪ್ರೋಟೀನ್ ಪುಡಿ ಇಲ್ಲದೆ ಮೈ ಕಟ್ಟದು ಎನ್ನುತ್ತಾರೆ. ಕೊಳ್ಳಲು ಹಣವಿಲ್ಲ.

ಉತ್ತರ: ಹಾಗೆ ಹೇಳುವವರು ವಿಡಿಯೋದ ಕೆಳಗೆ ಅದೇ ಪುಡಿಯ ರಿಯಾಯಿತಿ ಕೋಡ್ ಕೊಟ್ಟಿದ್ದಾರೆಯೇ ಎಂದು ಮೊದಲು ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿ ಇಂಥ ಪುಡಿಗಳನ್ನು ದೂರವಿಡಿ ಎಂದೇ ಹೇಳುತ್ತದೆ. ಇಡೀ ಪುಸ್ತಿಕೆಯನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಸಾಮಾನ್ಯರಿಗೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ, ಅಂದರೆ ನಿಮ್ಮ ತೂಕದವರಿಗೆ ದಿನಕ್ಕೆ 50 ಗ್ರಾಂ ಪ್ರೋಟೀನ್ ಸಾಕು. ಭಾರ ಎತ್ತುವವರಿಗೆ ಅಂತರರಾಷ್ಟ್ರೀಯ ಕ್ರೀಡಾ ಪೋಷಣಾ ಸಂಘ 2017ರಲ್ಲಿ ಸೂಚಿಸಿದ್ದು 1.4ರಿಂದ 2 ಗ್ರಾಂ. ಇವೆರಡರಲ್ಲಿ ಕಡಿಮೆ ಅಂಕಿಯನ್ನು ಹಿಡಿದರೆ ನಿಮಗೆ ದಿನಕ್ಕೆ 84 ಗ್ರಾಂ. 200 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 20, 60 ಗ್ರಾಂ ತೊಗರಿ ಬೇಳೆಯಲ್ಲಿ 13, ಒಂದು ಹಿಡಿಗಿಂತ ತುಸು ಹೆಚ್ಚು ಶೇಂಗಾದಲ್ಲಿ 12, ಅರ್ಧ ಲೀಟರ್ ಹಾಲಿನಲ್ಲಿ 16, ನಾಲ್ಕು ಮೊಟ್ಟೆಗಳಲ್ಲಿ 24 ಗ್ರಾಂ ಸಿಗುತ್ತದೆ. ಕೂಡಿ ನೋಡಿ, 85 ಆಯಿತು. ಮೊಟ್ಟೆ ತಿನ್ನದವರು ಬೇಳೆ, ಕಡಲೆ, ಮೊಸರನ್ನು ಹೆಚ್ಚಿಸಬಹುದು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಈ ಲೆಕ್ಕಕ್ಕೆ ಇಳಿಯಬಾರದು.

ಪ್ರಶ್ನೆ: ಕೊಪ್ಪಳದ ಗೃಹಿಣಿ, ವಯಸ್ಸು 58. ಎರಡೂ ಮೊಣಕಾಲು ನೋವು, ಸವೆತವೆಂದು ವೈದ್ಯರು ಹೇಳಿದ್ದಾರೆ. ಮೊಬೈಲಿನಲ್ಲಿ ತೋರಿಸುವ ವ್ಯಾಯಾಮವೆಲ್ಲ ಹುಡುಗರದ್ದೇ. ನನ್ನಂಥವರಿಗೆ ಏನಾದರೂ ಇದೆಯೇ?

ಉತ್ತರ: ಖಂಡಿತ ಇದೆ, ತಾಯಿ. ಬಲ ಹೆಚ್ಚಿಸುವ ವ್ಯಾಯಾಮ ಹುಡುಗರಿಗಿಂತ ನಿಮಗೇ ಹೆಚ್ಚು ಅಗತ್ಯ. ಬೋಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ಸರಾಸರಿ 90 ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಕೊಟ್ಟಾಗ, ಪೂರೈಸಿದ ಒಂಬತ್ತು ಮಂದಿಯ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತೆಂದು 1990ರಲ್ಲಿ ಪ್ರಕಟವಾಯಿತು. ಮೊಣಕಾಲು ಸವೆತಕ್ಕೂ ವ್ಯಾಯಾಮವೇ ಮುಖ್ಯ ಚಿಕಿತ್ಸೆಗಳಲ್ಲಿ ಒಂದೆಂದು ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ಹೇಳುತ್ತದೆ. ಆರಂಭದಲ್ಲಿ ನೋವು ತುಸು ಹೆಚ್ಚಬಹುದೆಂದೂ ಅದು ಮೊದಲೇ ತಿಳಿಸುತ್ತದೆ.

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಜಾಲತಾಣದಲ್ಲಿ ಮನೆಯಲ್ಲೇ ಮಾಡುವ ಬಲದ ವ್ಯಾಯಾಮಗಳಿವೆ. ನಮ್ಮ ಫಿಟ್ ಇಂಡಿಯಾ ಅಭಿಯಾನವೂ 2020ರಲ್ಲಿ ವಯೋಮಾನಕ್ಕೆ ತಕ್ಕ ವ್ಯಾಯಾಮ ಸೂಚನೆಗಳನ್ನು ಹೊರಡಿಸಿದೆ. ಮನೆಯ ಮಕ್ಕಳಿಂದ ತೆಗೆಸಿ, ಓದಿಸಿಕೊಳ್ಳಿ. ಅಲ್ಲಿಯವರೆಗೆ ಒಂದನ್ನು ಇಂದೇ ಆರಂಭಿಸಬಹುದು. ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ತಾಗಿಸಿ, ಅದರ ಮುಂದಿನ ಅಂಚಿಗೆ ಸರಿದು ಕೂತು, ಪಾದಗಳನ್ನು ಮೊಣಕಾಲಿಗಿಂತ ತುಸು ಹಿಂದಕ್ಕೆ ಎಳೆದುಕೊಂಡು, ಸಾಧ್ಯವಾದರೆ ಕೈ ಊರದೆ ನಿಧಾನವಾಗಿ ಎದ್ದು ನಿಂತು, ಎದ್ದದ್ದಕ್ಕಿಂತಲೂ ನಿಧಾನವಾಗಿ ಕೂರಬೇಕು. ಐದು ಸಲ ಸಾಕು. ಏಳಲಾಗದಿದ್ದರೆ ಕುರ್ಚಿಯ ಮೇಲೆ ಮಡಿಸಿದ ಕೌದಿ ಹಾಕಿ ಎತ್ತರ ಮಾಡಿಕೊಳ್ಳಿ; ವಾರಗಳು ಕಳೆದಂತೆ ಒಂದೊಂದೇ ಮಡಿಕೆ ತೆಗೆಯುತ್ತ ಬನ್ನಿ. ಮೊಣಕಾಲು ಬಾತು ಕೆಂಪಾದರೆ ಅಥವಾ ನಡುವೆ ಸಿಕ್ಕಿಕೊಂಡಂತಾದರೆ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಕೌದಿ ಪೂರ್ತಿ ತೆಗೆದು ಹತ್ತು ಸಲ ಏಳಲು ಸಾಧ್ಯವಾದ ದಿನ ನನಗೆ ಮತ್ತೆ ಬರೆಯಿರಿ. ಕೈಯಲ್ಲಿ ಎರಡು ಕಿಲೋದ ಚೀಲ ಹಿಡಿದು ಏಳುವುದು ಹೇಗೆಂದು ಆಗ ತಿಳಿಸುತ್ತೇನೆ.