ಹೊಸ ಕಂಪನಿಯಲ್ಲಿ ಟ್ಯಾಕ್ಸ್ ಕಟ್ ಆಗ್ತಿಲ್ಲ ಅಂತ ಖುಷಿ ಪಟ್ಟವನ ಉತ್ತರ

ಈ ವರ್ಷ ಮದುವೆ, ಅಕ್ಟೋಬರ್‌ನಿಂದ ಹೊಸ ಕೆಲಸ, ಸಂಬಳ ಲಕ್ಷದಿಂದ 1.4 ಲಕ್ಷ. ಆದರೂ ಪುಣೆಯ ಬಾಡಿಗೆ, ಪೆಟ್ರೋಲ್, ಎಲ್ಲದರ ಮೇಲಿನ ಟ್ಯಾಕ್ಸ್ ಸೇರಿ ಕೈಯಲ್ಲಿ ಏನೂ ಉಳೀತಿಲ್ಲ, ಹುಬ್ಬಳ್ಳಿಗೆ ವಾಪಸ್ ಹೋಗ್ಲಾ ಅಂತ ಕೇಳಿದ್ದೀರಿ. ಮಧ್ಯದಲ್ಲಿ ಒಂದು ಸಾಲು ಇದೆ: "ಪುಣ್ಯಕ್ಕೆ 12 ಲಕ್ಷದ ವಿನಾಯಿತಿ ಬಂದಮೇಲೆ ಸಂಬಳದಲ್ಲಾದ್ರೂ ಟ್ಯಾಕ್ಸ್ ಕಟ್ ಆಗ್ತಿಲ್ಲ." ಅದನ್ನು ಓದಿ ನನ್ನ ಎದೆ ಧಸಕ್ಕೆಂದಿತು. ಹುಬ್ಬಳ್ಳಿ ಮಾತು ಆಮೇಲೆ.

2023ರಲ್ಲಿ ನನ್ನದೂ ಇದೇ ವರ್ಷ. ಊರು ಗದಗ. ಮೇ ತಿಂಗಳಲ್ಲಿ ಮದುವೆ. ಜೂನ್‌ನಲ್ಲಿ ಪಿಜಿ ಬಿಟ್ಟು ಪುಣೆಯ ಧನಕವಡಿಯಲ್ಲಿ ಒಂದು ಬೆಡ್‌ರೂಮಿನ ಮನೆ ಹಿಡಿದೆ, ಬಾಡಿಗೆ 15,000. ಡಿಪಾಸಿಟ್ ಮೂರು ತಿಂಗಳದ್ದು, ಬ್ರೋಕರ್‌ಗೆ ಒಂದು ತಿಂಗಳದ್ದು, 11 ತಿಂಗಳ ಲೀವ್ ಅಂಡ್ ಲೈಸೆನ್ಸ್, ಅದರ ರಿಜಿಸ್ಟ್ರೇಷನ್ ಖರ್ಚು ಬೇರೆ. ಊರಿನಿಂದ ಅವ್ವ ಬಸ್ಸಿಗೆ ಹಾಕಿ ಕಳಿಸಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಡಬ್ಬಿಯನ್ನು ಬೆಳಗಿನ ಜಾವ ಸ್ವಾರ್‌ಗೇಟಿನಲ್ಲಿ ಇಳಿಸಿಕೊಂಡು ಬರುತ್ತಿದ್ದೆ. ಮೊದಲ ಎರಡು ತಿಂಗಳು ರಾತ್ರಿ ಊಟ ಹೆಚ್ಚುಕಡಿಮೆ ಅದೇ. ಬಡತನ ಅಲ್ಲ, ಲೆಕ್ಕ ಸಿಗದೇ ಇದ್ದದ್ದು.

ಸೆಪ್ಟೆಂಬರ್ ಕೊನೆಗೆ ಹಳೇ ಕೆಲಸ ಬಿಟ್ಟೆ. ಅಲ್ಲಿ ಸಂಬಳ 80,000. ಅಕ್ಟೋಬರ್‌ನಲ್ಲಿ ಹಿಂಜವಡಿಯ ಒಂದು ಸಣ್ಣ ಕಂಪನಿ ಸೇರಿದೆ, 1,10,000. ಮೊದಲ ತಿಂಗಳ ಸ್ಲಿಪ್ ನೋಡಿದರೆ ಇನ್‌ಕಮ್ ಟ್ಯಾಕ್ಸ್ ಸಾಲಿನಲ್ಲಿ ಸೊನ್ನೆ. ಪಿಎಫ್, 200 ರೂಪಾಯಿ ಪ್ರೊಫೆಷನಲ್ ಟ್ಯಾಕ್ಸ್, ಅಷ್ಟೇ. ಹಳೇ ಕಂಪನಿಯವರು ತಿಂಗಳಿಗೆ 4,000 ಚಿಲ್ಲರೆ ಹಿಡಿಯುತ್ತಿದ್ದರು. ಇವರು ಏನೂ ಹಿಡಿಯುತ್ತಿಲ್ಲ. ಎಂಥ ಒಳ್ಳೆ ಕಂಪನಿ ಅಂದುಕೊಂಡೆ. ಮನೆಯಲ್ಲಿ ಹೇಳಿದಾಗ ಹೆಂಡತಿ ಒಂದೇ ಮಾತು ಕೇಳಿದಳು: "ರೀ, ಸಂಬಳ ಜಾಸ್ತಿ ಆದ್ರೆ ಟ್ಯಾಕ್ಸ್ ಕಡಿಮೆ ಆಗುತ್ತಾ?" ನಿನಗೆ ಗೊತ್ತಾಗಲ್ಲ ಸುಮ್ನಿರು ಅಂದೆ. ಈ ಮಾತಿಗೆ ಇವತ್ತಿಗೂ ಮನೆಯಲ್ಲಿ ಬಡ್ಡಿ ಕಟ್ಟುತ್ತಿದ್ದೇನೆ.

ನನ್ನ ತಪ್ಪು ಏನು ಅಂತ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಸೇರಿದ ದಿನ ಎಚ್‌ಆರ್ ಕೊಟ್ಟ ಕಾಗದಗಳಲ್ಲಿ ಫಾರ್ಮ್ 12ಬಿ ಅಂತ ಒಂದಿತ್ತು. ಇದೇ ವರ್ಷ ಹಳೇ ಕಂಪನಿಯಿಂದ ಎಷ್ಟು ಸಂಬಳ ಬಂತು, ಎಷ್ಟು ಟ್ಯಾಕ್ಸ್ ಹಿಡಿದರು ಅಂತ ಹೊಸ ಕಂಪನಿಗೆ ತಿಳಿಸುವ ಫಾರ್ಮ್ ಅದು. ತುಂಬಲಿಲ್ಲ. ಮರೆತು ಅಲ್ಲ, ಬೇಕಂತಲೇ. ಇಂಟರ್‌ವ್ಯೂನಲ್ಲಿ ಹಳೇ ಸಂಬಳ 90,000 ಅಂದಿದ್ದೆ. ವೇರಿಯಬಲ್ ಪೇ, ಊಟದ ಕೂಪನ್, ಇನ್ನೇನೇನೋ ಸೇರಿಸಿ ಅಷ್ಟಾಗುತ್ತೆ ಅಂತ ನನ್ನ ಮನಸ್ಸಿಗೆ ನಾನೇ ಹೇಳಿಕೊಂಡಿದ್ದೆ. ಫಾರ್ಮ್ ಕೊಟ್ಟರೆ 80,000 ಕಾಣುತ್ತೆ, ಸಿಕ್ಕಿಬೀಳುತ್ತೇನೆ ಅಂತ ಭಯ. "ಆಮೇಲೆ ಕೊಡ್ತೀನಿ" ಅಂದೆ. ಅವರು ಮತ್ತೆ ಕೇಳಲಿಲ್ಲ. ಡಿಸೆಂಬರ್‌ನಲ್ಲಿ ಎಲ್ಲರಿಗೂ ಒಂದು ಮೇಲ್ ಬಂತು, ಹಿಂದಿನ ಕಂಪನಿಯ ವಿವರ ಇದ್ದರೆ ಕೊಡಿ ಅಂತ. ಓದಿದೆ, ಮುಚ್ಚಿದೆ.

ಹೊಸ ಕಂಪನಿಗೆ ನಾನು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯಲ್ಲಿ ಕೂತಿದ್ದವನ ಹಾಗೆ ಕಂಡೆ. ಅವರ ಲೆಕ್ಕದಲ್ಲಿ ನನ್ನ ವರ್ಷದ ಆದಾಯ ಬರೀ ಆರು ತಿಂಗಳದ್ದು, 6.6 ಲಕ್ಷ. ಸಂಬಳದವರಿಗೆಲ್ಲ ಕಳೆಯಲು ಬಿಡುವ ಸ್ಟ್ಯಾಂಡರ್ಡ್ ಡಿಡಕ್ಷನ್ 50,000 ಕಳೆದರೆ 6.1 ಲಕ್ಷ. ಆ ವರ್ಷ ಹೊಸ ರೆಜೀಮ್‌ನಲ್ಲಿ (ಟ್ಯಾಕ್ಸ್ ಲೆಕ್ಕದ ಹೊಸ ಪದ್ಧತಿ) 7 ಲಕ್ಷದವರೆಗೆ ರಿಬೇಟ್, ಅಂದರೆ ಲೆಕ್ಕ ಹಾಕಿ ಬಂದ ಟ್ಯಾಕ್ಸ್ ಪೂರ್ತಿ ಮಾಫಿ. ಹಾಗಾಗಿ ಟ್ಯಾಕ್ಸ್ ಸೊನ್ನೆ. ಅವರ ಲೆಕ್ಕ ತಪ್ಪಲ್ಲ, ಅವರಿಗೆ ಗೊತ್ತಿದ್ದದ್ದೇ ಅಷ್ಟು. ನಿಜವಾಗಿ ಎರಡೂ ಕಡೆಯದು ಸೇರಿ 11.4 ಲಕ್ಷ, ಡಿಡಕ್ಷನ್ ಕಳೆದು 10.9 ಲಕ್ಷ. ಅದಕ್ಕೆ ಸೆಸ್ (ಟ್ಯಾಕ್ಸಿನ ಮೇಲೆ ಹಾಕುವ ಇನ್ನೊಂದು ಸಣ್ಣ ಟ್ಯಾಕ್ಸ್) ಸೇರಿ ಟ್ಯಾಕ್ಸ್ 76,440. ಹಳೇ ಕಂಪನಿ ಹಿಡಿದದ್ದು 24,180. ಉಳಿದ 52,260 ಆರು ತಿಂಗಳು ನನ್ನ ಕಿಸೆಯಲ್ಲೇ ಇತ್ತು, ತಿಂಗಳಿಗೆ 8,700ರಂತೆ. ನಾನು ಅದನ್ನು ಸಂಬಳ ಅಂದುಕೊಂಡಿದ್ದೆ.

ಸಂಬಳ ಅಂದುಕೊಂಡ ದುಡ್ಡು ಏನಾಗುತ್ತೆ ಅಂತ ನಿಮಗೆ ಗೊತ್ತಲ್ವಾ? ದೀಪಾವಳಿಗೆ ಲಕ್ಷ್ಮಿ ರೋಡಿನಲ್ಲಿ ಹೆಂಡತಿಗೆ ಜುಮುಕಿ. ಜನವರಿಯಲ್ಲಿ ಇಎಂಐ ಮೇಲೆ ಬೈಕು. ಧನಕವಡಿಯಿಂದ ಹಿಂಜವಡಿಗೆ ದಿನಾ ಹೋಗಿಬರೋನಿಗೆ ಬೈಕು ಬೇಕೇ ಬೇಕು ಅಂತ ವಾದ ಮಾಡಿದ್ದೆ. ಅದು ಸುಳ್ಳೂ ಅಲ್ಲ, ಆ ಬೈಪಾಸ್ ಟ್ರಾಫಿಕ್ಕಿನಲ್ಲಿ ನಿಂತವರಿಗೇ ಗೊತ್ತು. ಆದರೆ ಇಎಂಐ ಲೆಕ್ಕ ಹಾಕಿದ್ದು ನನ್ನದಲ್ಲದ ದುಡ್ಡಿನ ಮೇಲೆ.

2024ರ ಜೂನ್‌ನಲ್ಲಿ ಮಗಳು ಹುಟ್ಟಿದಳು. ಸಿಸೇರಿಯನ್. ಆಸ್ಪತ್ರೆ ಬಿಲ್ಲಿಗೆ ಇನ್ಶೂರೆನ್ಸ್ ಅರ್ಧ ಬಂತು, ಇನ್ನರ್ಧ ಕ್ರೆಡಿಟ್ ಕಾರ್ಡ್. ಜುಲೈ ಮೂರನೇ ವಾರ, ಬಾಣಂತನಕ್ಕೆ ಬಂದ ಅತ್ತೆ ಅಡುಗೆಮನೆಯಲ್ಲಿ ಅಂಟಿನುಂಡಿ ಕಟ್ಟುತ್ತಿದ್ದರು. ನಾನು ಎರಡೂ ಕಂಪನಿಯ ಕಾಗದ ಹಿಡಿದು ಕೆಳಗಿನ ಮನೆಯ ಕಾಕಾ ಹತ್ತಿರ ಹೋದೆ. ವಿಜಯಪುರದವರು, ಅಕೌಂಟ್ಸ್ ಕೆಲಸ ಮಾಡಿ ರಿಟೈರ್ ಆದವರು. ರಿಫಂಡ್ ಎಷ್ಟು ಬರುತ್ತೆ ಕಾಕಾ ಅಂತ ಕೇಳಿದ್ದು ನಾನು. ಅವರು ಕನ್ನಡಕ ಏರಿಸಿ ಎರಡು ಹಾಳೆ ಪಕ್ಕಪಕ್ಕ ಇಟ್ಟು ನೋಡಿದರು.

"ತಮ್ಮಾ, ಎರಡೂ ಕಡೆ ಉಂಡಿ, ಒಂದ ಕಡೆ ಬಿಲ್ ಕೊಟ್ಟೀಯಲ್ಲೋ."

ಬಾಕಿ ಟ್ಯಾಕ್ಸಿನ ಮೇಲೆ ಬಡ್ಡಿ ಬೇರೆ. ವರ್ಷ ಮುಗಿಯುವ ಮೊದಲೇ ಕಂತಿನಲ್ಲಿ ಕಟ್ಟಬೇಕಾದ ಅಡ್ವಾನ್ಸ್ ಟ್ಯಾಕ್ಸ್ ಕಟ್ಟದ್ದಕ್ಕೆ ಸೆಕ್ಷನ್ 234ಬಿ, ಕಂತು ತಪ್ಪಿಸಿದ್ದಕ್ಕೆ 234ಸಿ, ಎರಡೂ ತಿಂಗಳಿಗೆ ಶೇಕಡಾ 1ರ ಲೆಕ್ಕ. ಸುಮಾರು 4,700 ಆಯ್ತು. ಒಟ್ಟು 57,000ದ ಹತ್ತಿರ, ರಿಟರ್ನ್ ಹಾಕುವ ಕೊನೇ ದಿನ ಜುಲೈ 31ರೊಳಗೆ. ಅವ್ವ ಮೊಮ್ಮಗಳ ಬಳೆಗೆ ಅಂತ ಇಟ್ಟಿದ್ದ 30,000 ಕೇಳಿ ತಗೊಂಡೆ. ಉಳಿದದ್ದು ಗೆಳೆಯನಿಂದ ಸಾಲ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತೆ. 10,000 ರೂಪಾಯಿಯ ಒಂದು ಸಣ್ಣ ಸುಳ್ಳನ್ನು ಮುಚ್ಚಲು ಇಷ್ಟೆಲ್ಲ. ತಮಾಷೆ ಏನು ಗೊತ್ತಾ, ಆಮೇಲೆ ಅದೇ ಎಚ್‌ಆರ್ ಮೇಡಂಗೆ ನಿಜ ಹೇಳಿದೆ. "ಅದನ್ನು ಯಾರು ನೋಡ್ತಾರೆ ಸರ್, ಆ ಫಾರ್ಮ್ ಪೇರೋಲ್‌ನವರಿಗೆ, ಸಂಬಳ ಲೆಕ್ಕ ಹಾಕೋರಿಗೆ ಹೋಗೋದು" ಅಂದರು.

ಈಗ ನಿಮ್ಮ ಲೆಕ್ಕ. ನಿಮಗೆ ಸೊನ್ನೆ ಕಟ್ ಆಗುತ್ತಿದೆ ಅಂದರೆ 12ಬಿ ಕೊಟ್ಟಿಲ್ಲ ಅಂತ ಇಲ್ಲಿ ಕೂತೇ ಹೇಳಬಲ್ಲೆ. 2025ರ ಏಪ್ರಿಲ್‌ನಿಂದ ಸೆಪ್ಟೆಂಬರ್ 6 ಲಕ್ಷ, ಅಕ್ಟೋಬರ್‌ನಿಂದ ಮಾರ್ಚ್ 8.4 ಲಕ್ಷ. ಬಿಡಿಬಿಡಿಯಾಗಿ ನೋಡಿದರೆ ಎರಡೂ ಕಂಪನಿಗೆ ನೀವು 12.75 ಲಕ್ಷದ (12 ಲಕ್ಷಕ್ಕೆ 75,000 ಡಿಡಕ್ಷನ್ ಸೇರಿಸಿ) ಒಳಗೆ. ಸೇರಿಸಿದರೆ 14.4 ಲಕ್ಷ, ಡಿಡಕ್ಷನ್ 75,000 ಕಳೆದು 13.65. ಆ 12 ಲಕ್ಷ ಅನ್ನೋದು ವಿನಾಯಿತಿ ಅಲ್ಲ, ರಿಬೇಟ್. ನಿಮ್ಮಷ್ಟು ದಾಟಿದರೆ ಲೆಕ್ಕ ಮತ್ತೆ 4 ಲಕ್ಷದಿಂದಲೇ ಶುರು. 8ರವರೆಗೆ ಶೇಕಡಾ 5, 12ರವರೆಗೆ 10, ಆಮೇಲೆ 15. ಸೆಸ್ ಸೇರಿ 88,140 ರೂಪಾಯಿ. ನನ್ನದಕ್ಕಿಂತ ದೊಡ್ಡ ಗುಂಡಿ.

ಒಳ್ಳೇ ಸುದ್ದಿ ಏನಂದ್ರೆ ಇನ್ನೂ ಜನವರಿ. ಇವತ್ತೇ ಹಳೇ ಕಂಪನಿಯ ಸ್ಲಿಪ್‌ಗಳ ಜೊತೆ 12ಬಿ ತುಂಬಿ ಕಳಿಸಿ. ಮೂರು ಸಂಬಳದಲ್ಲಿ ತಿಂಗಳಿಗೆ 29,000 ಚಿಲ್ಲರೆ ಹಿಡಿಯುತ್ತಾರೆ. ಹೊಟ್ಟೆ ಉರಿಯುತ್ತೆ, ಆದರೆ ಬಡ್ಡಿ ಇರಲ್ಲ. ಪೇರೋಲ್‌ನವರು ಈಗ ಆಗಲ್ಲ ಅಂದರೆ ಮಾರ್ಚ್ 15ರೊಳಗೆ ಇನ್‌ಕಮ್ ಟ್ಯಾಕ್ಸ್ ವೆಬ್‌ಸೈಟಿನಲ್ಲಿ ನೀವೇ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಿ. ಹಿಂದಿನ ಕಂತುಗಳಿಗೆ ಸ್ವಲ್ಪ ಬಡ್ಡಿ ಬರಬಹುದು, ಜುಲೈವರೆಗೆ ಕಾಯುವುದಕ್ಕಿಂತ ಪರವಾಗಿಲ್ಲ. ಯಾರೋ ಬಾಡಿಗೆಗೆ ಟ್ಯಾಕ್ಸ್ ರಿಯಾಯಿತಿ ಸಿಗುವ ಹಳೇ ರೆಜೀಮ್‌ಗೆ ಹೋಗಿ ಸಂಬಂಧಿಕರ ಹೆಸರಲ್ಲಿ ಸುಳ್ಳು ಬಾಡಿಗೆ ರಸೀದಿ ಮಾಡಿಸು ಅನ್ನುತ್ತಾರೆ, ಖಂಡಿತ ಅನ್ನುತ್ತಾರೆ. ಮಾಡಬೇಡಿ. ಒಂದು ಸುಳ್ಳಿನ ಬೆಲೆ ಎಷ್ಟು ಅಂತ ಮೇಲೆ ಬರೆದಿದ್ದೇನೆ.

ಇನ್ನು ಪುಣೆಯನ್ನು ಬೈಯ್ಯೋದು. ಇನ್‌ಕಮ್ ಟ್ಯಾಕ್ಸ್ ಹುಬ್ಬಳ್ಳಿಯಲ್ಲೂ ಅಷ್ಟೇ, ಪ್ರೊಫೆಷನಲ್ ಟ್ಯಾಕ್ಸ್ ಕರ್ನಾಟಕದಲ್ಲೂ ತಿಂಗಳಿಗೆ 200. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ 12, 28ರ ಸ್ಲ್ಯಾಬ್ ಹೋಗಿ ಹೆಚ್ಚಿನ ಸಾಮಾನು 5 ಇಲ್ಲಾ 18ಕ್ಕೆ ಬಂತು. ನಿಮ್ಮ ತಿಂಗಳ ದೊಡ್ಡ ಖರ್ಚು ಮನೆ ಬಾಡಿಗೆ, ಸಂಸಾರಕ್ಕೆ ಅಂತ ಹಿಡಿದ ಮನೆಯ ಬಾಡಿಗೆ ಮೇಲೆ ಜಿಎಸ್‌ಟಿಯೇ ಇಲ್ಲ. ಹಾಗಾಗಿ ಎಲ್ಲಾ ಟ್ಯಾಕ್ಸೇ ತಿಂತಿದೆ ಅನ್ನೋ ಮಾತನ್ನು ನಾನು ಒಪ್ಪಲ್ಲ. ಮದುವೆಯಾದ ವರ್ಷ ಯಾರಿಗೂ ಉಳಿಯಲ್ಲ. ಡಿಪಾಸಿಟ್, ಪಾತ್ರೆ, ಫ್ರಿಜ್ಜು, ನೆಂಟರ ಓಡಾಟ, ಇವೆಲ್ಲ ಒಂದೇ ವರ್ಷಕ್ಕೆ ಬೀಳುತ್ತವೆ. ಆ ವರ್ಷದ ಬ್ಯಾಂಕ್ ಬ್ಯಾಲೆನ್ಸ್ ನೋಡಿ ಊರು ಬದಲಿಸಬಾರದು.

ನಿಮ್ಮ ಹೆಂಡತಿಗೂ ಈ ಲೆಕ್ಕ ತೋರಿಸಿ. ಹುಬ್ಬಳ್ಳಿ ಪ್ರಶ್ನೆ ಏಪ್ರಿಲ್‌ನಲ್ಲಿ ಮತ್ತೆ ಹಾಕಿ, ಆಗ ಬಾಡಿಗೆ, ಸಂಬಳ ಎಲ್ಲ ಹಿಡಿದು ಬರೆಯುತ್ತೇನೆ. ಈಗ ಎದ್ದು ಮೇಲ್ ಕಳಿಸಿ.